ಹಮ್ಮಾಮಿನಲ್ಲಿ ಉಜ್ಜುವ ಮುನ್ನ ಸೋಪನ್ನು ಪೂರ್ತಿ ತೊಳೆದುಕೊಳ್ಳಿ

ಮೊರಾಕ್ಕೋದ ಫೆಜ್ ನಗರದ ಹಳೆಯ ಕೇರಿಗಳಲ್ಲಿರುವ ಸಾರ್ವಜನಿಕ ಹಮ್ಮಾಮಿಗೆ, ಅಂದರೆ ಹಬೆ ಸ್ನಾನದ ಮನೆಗೆ, ಹೋಗುವವರು, ಜೋನಿಬೆಲ್ಲದಂತೆ ಮಂದವಾಗಿರುವ ಆಲಿವ್ ಎಣ್ಣೆಯ ಕಪ್ಪು ಸೋಪನ್ನು ಮೈಗೆ ಹಚ್ಚಿ ಬಿಸಿ ಕೋಣೆಯಲ್ಲಿ ಸುಮಾರು 10 ನಿಮಿಷ ಕುಳಿತ ಮೇಲೆ, ಅದರ ಜಾರು ಚೂರೂ ಉಳಿಯದಂತೆ ತೊಳೆದುಕೊಂಡು, ಆಮೇಲಷ್ಟೇ ‘ಕೆಸ್ಸಾ’ ಎಂಬ ಒರಟು ಕೈಗವಸಿನಿಂದ ಉಜ್ಜಿಕೊಳ್ಳಬೇಕು. ಹಬೆ ಮತ್ತು ಸೋಪು ಸತ್ತ ಚರ್ಮವನ್ನು ನೆನೆಸಿ ಮೆತ್ತಗಾಗಿಸುತ್ತವೆ, ಆದರೆ ಅದನ್ನು ಎಬ್ಬಿಸಿ ತೆಗೆಯುವುದು ಕೈಗವಸಿನ ತಿಕ್ಕಾಟ. ಸೋಪು ಉಳಿದಿದ್ದರೆ ಕೈಗವಸು ಮೈಮೇಲೆ ಜಾರುತ್ತದೆಯೇ ಹೊರತು ಕೊಳೆ ಬಿಡುವುದಿಲ್ಲ. ಸರಿಯಾಗಿ ತೊಳೆದಿದ್ದರೆ ನಾಲ್ಕೈದು ಸಲ ಉದ್ದಕ್ಕೆ ಎಳೆಯುವಷ್ಟರಲ್ಲೇ ತೋಳಿನ ಮೇಲೆ ಶಾವಿಗೆಯ ತುಣುಕುಗಳಂತಹ ಬೂದುಬಣ್ಣದ ಎಳೆಗಳು ಸುರುಳಿಯಾಗಿ ಏಳುತ್ತವೆ, ಅದೇ ಗುರುತು. ಈ ಸೋಪು ನಮ್ಮ ಸ್ನಾನದ ಸೋಪಿನಂತೆ ನೊರೆ ಬರುವುದಿಲ್ಲವಾದ್ದರಿಂದ ಸಾಲದೆಂದು ಮತ್ತೆ ಮತ್ತೆ ಬಳಿದುಕೊಳ್ಳುವ ಅಗತ್ಯವಿಲ್ಲ, ತೆಳುವಾದ ಒಂದು ಪದರ ಸಾಕು. ಕೈಗವಸನ್ನು ಮಾತ್ರ ಪೇಟೆಯಲ್ಲಿ ಹೊಸದಾಗಿ ಕೊಂಡು ನಿಮ್ಮದನ್ನೇ ಒಯ್ಯಿರಿ. ಬೇರೆಯವರು ಬಳಸಿದ್ದು ಬೇಡವೇ ಬೇಡ. ಹೋಗುವ ಮುನ್ನ ಮೈಗೆ ಎಣ್ಣೆ ಅಥವಾ ಲೋಷನ್ ಹಚ್ಚಿದ್ದರೆ, ಇಲ್ಲವೇ ಅವಸರದಲ್ಲಿ ಮೈ ಬೆವರುವ ಮೊದಲೇ ಉಜ್ಜಲು ತೊಡಗಿದರೆ ಈ ಉಪಾಯ ಫಲಿಸುವುದಿಲ್ಲ. ಹಿಂದಿನ ದಿನ ವ್ಯಾಕ್ಸಿಂಗ್ ಅಥವಾ ಶೇವಿಂಗ್ ಮಾಡಿಸಿದ್ದರೆ, ಬಿಸಿಲಿಗೆ ಚರ್ಮ ಸುಟ್ಟಿದ್ದರೆ, ಗಾಯ ಅಥವಾ ಇಸುಬು ಇದ್ದರೆ ಕೆಸ್ಸಾ ಮುಟ್ಟಲೇಬೇಡಿ, ಉರಿ ತಡೆಯಲಾಗದು. ಗರ್ಭಿಣಿಯರು ಮತ್ತು ರಕ್ತದೊತ್ತಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಿಸಿ ಕೋಣೆಯಲ್ಲಿ ಕೂರುವುದು ಬೇಡ.