ಶೆನ್‌ಯಿ ಹೊಲಿಯೋದಾದರೆ ಪನ್ನದಿಂದ ಶುರು ಮಾಡಿ

ಶೆನ್‌ಯಿಯಂಥ ಹಳೆ ಕಾಲದ ಚೀನೀ ನಿಲುವಂಗಿ ಹೊಲಿಯುತ್ತೇನೆ ಅಂದರೆ ಟೈಲರಿಂಗ್ ಗೊತ್ತಿರುವವರು ಮೊದಲು ಕೇಳುವುದು ಶೋಲ್ಡರ್ ಎಷ್ಟು, ಆರ್ಮ್‌ಹೋಲ್ ಎಷ್ಟು ಅಂತ. ಎರಡೂ ಇಲ್ಲ. ಮೈಗೆ ಕೂರಿಸಲು ಹಿಡಿಯುವ ಮಡಿಕೆ, ಅಂದರೆ ಡಾರ್ಟ್ ಕೂಡ ಇಲ್ಲ. ಲೆಕ್ಕವೆಲ್ಲ ಬಟ್ಟೆಯ ಪನ್ನದ್ದು, ಅಂದರೆ ಮಗ್ಗದಿಂದ ಬಂದ ಪೂರ್ತಿ ಅಗಲದ್ದು.

ಸುಮಾರು 2,000 ವರ್ಷದ ಹಿಂದೆ, ಹಾನ್ ಕಾಲದ ಮಗ್ಗದಲ್ಲಿ ರೇಷ್ಮೆ ಹೆಚ್ಚುಕಡಿಮೆ 50 ಸೆಂ.ಮೀ. ಅಗಲಕ್ಕೆ ಬರುತ್ತಿತ್ತು. ನನಗೆ ಸಿಕ್ಕಿದ್ದು 44 ಇಂಚಿನ ತೆಳು ಹತ್ತಿ. ಅದನ್ನು ಉದ್ದಕ್ಕೆ ಎರಡಾಗಿ ಹರಿದುಕೊಂಡೆ. ಹೊಲಿಗೆಗೆ ಬಿಡುವುದನ್ನು ಕಳೆದರೆ ಹಳೆ ಪನ್ನದ ಹತ್ತಿರಕ್ಕೇ ಬರುತ್ತದೆ. ಎರಡು ಪಟ್ಟಿಗಳು ಮುಂದಿನಿಂದ ಹೆಗಲು ಹತ್ತಿ ಬೆನ್ನಿಗೆ ಇಳಿಯುತ್ತವೆ, ಬೆನ್ನ ನಡುವೆ ಒಂದು ಹೊಲಿಗೆ. ತೋಳಿಗೆ ಪಕ್ಕದಲ್ಲಿ ಇನ್ನೊಂದು ಪನ್ನ ಸೇರಿಸುವುದು, ಹಾಗಾಗಿ ಆ ಜೋಡಣೆ ಹೆಗಲಿಗೆ ಬರದೆ ಮೇಲ್ತೋಳಿನ ಮೇಲೆ ಬೀಳುತ್ತದೆ.

ಮೇಲಿನದ್ದು ಬೇರೆ, ಕೆಳಗಿನದ್ದು ಬೇರೆ ಕತ್ತರಿಸಿ ಸೊಂಟದಲ್ಲಿ ಕೂಡಿಸಿದರೆ ಶೆನ್‌ಯಿ. ಲೀಜಿ ಎಂಬ ಹಳೆಯ ಚೀನೀ ಆಚಾರಗಳ ಗ್ರಂಥದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ: 12 ತಿಂಗಳಿಗೆ 12 ತುಂಡು, ತೋಳು ದುಂಡಗೆ, ಕೊರಳಪಟ್ಟಿ ಚೌಕ, ಬೆನ್ನ ಹೊಲಿಗೆ ದಾರ ಹಿಡಿದಷ್ಟು ನೇರ, ಕೆಳಗಿನ ಅಂಚು ತಕ್ಕಡಿಯಷ್ಟು ಸಮ. ಹೊಲಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು! 6 ಪನ್ನ ತೆಗೆದು ಒಂದೊಂದನ್ನೂ ಓರೆಯಾಗಿ ಸೀಳಿದರೆ 12 ಆಯಿತು, ಚಿಂದಿ ಉಳಿಯುವುದಿಲ್ಲ. ಕಿರಿದಾದ ತುದಿ ಸೊಂಟಕ್ಕೆ, ಅಗಲದ್ದು ಕೆಳಕ್ಕೆ. ಜೋಡಿಸುವಾಗ ಓರೆ ಅಂಚಿಗೆ ನೇರ ಅಂಚು ಬರುವ ಹಾಗೆ ನೋಡಿಕೊಳ್ಳಿ, ಓರೆಗೆ ಓರೆ ಸೇರಿದರೆ ಜೋತು ಬೀಳುತ್ತದೆ. ಎಲ್ಲ ಸೇರಿಸಿದ ಮೇಲೆ ರಾತ್ರಿಯಿಡೀ ನೇತುಹಾಕಿ, ಬಟ್ಟೆ ಇಳಿಯುವಷ್ಟು ಇಳಿಯಲಿ, ಆಮೇಲೆ ಅಂಚು ಸಮ ಮಾಡಿ ಹೆಮ್ಮಿಂಗ್.

ಉಡುವಾಗ ಎಡದ ಮಗ್ಗುಲು ಬಲದ ಮೇಲೆ ಬರಬೇಕು. ಇದು ಸುಮ್ನೆ ಫ್ಯಾಷನ್ ಅಲ್ಲ. ಚಿ ರಾಜ್ಯದ ಹಳೆಯ ಮಂತ್ರಿ ಗುವಾನ್ ಜೊಂಗ್ ಇಲ್ಲದಿದ್ದರೆ ನಾವು ಕೂದಲು ಬಿಚ್ಚಿಕೊಂಡು, ಅಂಗಿಯ ಬಲ ಮಗ್ಗುಲನ್ನು ಎಡದ ಮೇಲೆ ಮುಚ್ಚಿಕೊಂಡು ತಿರುಗಬೇಕಿತ್ತು ಎಂಬ ಅರ್ಥದ ಮಾತನ್ನು ಕನ್ಫ್ಯೂಷಿಯಸ್ ಹೇಳಿದ್ದಾನೆ. ಹೊರಗಿನವರ ಗುರುತು ಅದು.

ಬಟ್ಟೆ ಆರಿಸುವಾಗ ಮಾವಾಂಗ್‌ದುಯಿ ನೆನಪಿಟ್ಟುಕೊಳ್ಳಿ. ಚಾಂಗ್‌ಷಾದ ಆ ಹಾನ್ ಕಾಲದ ಗೋರಿಯನ್ನು 1972ರಲ್ಲಿ ಅಗೆದಾಗ ಸಿಕ್ಕಿದ ರೇಷ್ಮೆ ನಿಲುವಂಗಿಯೊಂದು 128 ಸೆಂ.ಮೀ. ಉದ್ದವಿದ್ದೂ ತೂಕ ಬರೀ 49 ಗ್ರಾಂ! ಹೊಳೆಯುವ ಪಾಲಿಯೆಸ್ಟರ್ ಸ್ಯಾಟಿನ್ ಹಾಕಿದರೆ ನಾಟಕದ ರಾಜನ ಹಾಗೆ ಕಾಣುತ್ತೀರಿ, ಅಷ್ಟೇ. ಮಲ್ಮಲ್ ಎಷ್ಟೋ ವಾಸಿ.

ಶೆನ್‌ಯಿ ಉಟ್ಟು ದೊಡ್ಡ ಹೆಜ್ಜೆ ಹಾಕಿ ನೋಡಿ, ಕಾಲಿಗೆ ತೊಡರುತ್ತದೆ. ಕುದುರೆ ಹತ್ತೋದಂತೂ ದೂರದ ಮಾತು. ಕ್ರಿ.ಪೂ. 307ರಲ್ಲಿ ಝಾವೊ ರಾಜ್ಯದ ದೊರೆ ವುಲಿಂಗ್ ಉತ್ತರದ ಅಲೆಮಾರಿಗಳ ಗಿಡ್ಡ ಅಂಗಿ, ಪ್ಯಾಂಟು ತನ್ನ ಸೈನ್ಯಕ್ಕೆ ಹಾಕಿಸಿದ್ದು ಯಾಕೆ ಅಂತ ಆಗ ತಿಳಿಯುತ್ತದೆ. ಆಸ್ಥಾನದವರು ವಿರೋಧಿಸಿದರು, ಅವನು ಬಿಡಲಿಲ್ಲ. ಮುಂದೆ ಟಾಂಗ್ ಕಾಲದ ದುಂಡು ಕತ್ತಿನ ನಿಲುವಂಗಿಗೂ ಮೂಲ ಆ ಉತ್ತರದ ಕಡೆಯದ್ದೇ. ಆಗ ಹೆಂಗಸರೂ ಅದನ್ನು ಹಾಕಿಕೊಳ್ಳುತ್ತಿದ್ದರು, ಇಲ್ಲವೇ ಎದೆಯ ಮೇಲಕ್ಕೆ ಕಟ್ಟುವ ಲಂಗ.

ಹೊಸಬರಿಗೆ ನನ್ನ ಸಲಹೆ, ಸಾಂಗ್ ಕಾಲದ ಬೇಯ್‌ಜಿ ಎಂಬ ಮೇಲಂಗಿಯಿಂದ ಶುರು ಮಾಡಿ. ಅದೇ ಎರಡು ಪಟ್ಟಿ, ಮುಂದೆ ತೆರೆದೇ ಇರುತ್ತದೆ, ಪಕ್ಕದಲ್ಲಿ ಸೀಳು. ಮಿಂಗ್ ಕಾಲದ ಮಾಮಿಯನ್ ಲಂಗಕ್ಕೆ ತಾಳ್ಮೆ ಜಾಸ್ತಿ ಬೇಕು. ಎರಡು ತುಂಡು, ಪ್ರತಿ ತುಂಡಿನ ಎರಡೂ ತುದಿ ಚಪ್ಪಟೆ, ನಡುವೆ ನೆರಿಗೆ, ಎರಡನ್ನೂ ಒಂದೇ ಸೊಂಟಪಟ್ಟಿಗೆ ಒಂದರ ಮೇಲೊಂದು ಬರುವಂತೆ ಹೊಲಿಯುವುದು. ನಾನೀಗ ಅದರಲ್ಲೇ ಇದ್ದೇನೆ. ನೆರಿಗೆಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ, ಆಮೇಲಷ್ಟೇ ಮಷೀನಿಗೆ ಕೊಡಿ.