ಹತ್ತಿರ ಹೋಗಿ ನೋಡುವ ಆಟ

ಕನ್ನಡಕ ಹಾಕಿಕೊಂಡ ಮೇಲೂ ನನ್ನ ಎರಡು ಕಣ್ಣುಗಳ ದೃಷ್ಟಿ 6/60. ಉಳಿದವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ನಾನು 6 ಮೀಟರ್ ಹತ್ತಿರಕ್ಕೆ ಬಂದು ಓದಬೇಕು. ಹುಟ್ಟಿನಿಂದಲೇ ಆಲ್ಬಿನಿಸಂ (ಚರ್ಮ, ಕೂದಲು, ಕಣ್ಣುಗಳಲ್ಲಿ ಬಣ್ಣದ ಅಂಶ ತೀರ ಕಡಿಮೆ ಇರುವ ಸ್ಥಿತಿ) ಇರುವುದರಿಂದ ರೆಟಿನಾದ ನಡುವೆ ಇರಬೇಕಾದ, ಸೂಕ್ಷ್ಮವಾಗಿ ನೋಡುವ ಭಾಗ ನನ್ನಲ್ಲಿ ಪೂರ್ತಿ ಬೆಳೆದಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಕಣ್ಣುಗುಡ್ಡೆಗಳು ಎಡಕ್ಕೂ ಬಲಕ್ಕೂ ಸದಾ ಅದುರುತ್ತಿರುತ್ತವೆ, ಇದನ್ನು ವೈದ್ಯರು ನಿಸ್ಟಾಗ್ಮಸ್ ಎನ್ನುತ್ತಾರೆ. ಶಿವಮೊಗ್ಗದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಬೆಳಕು, ಮಸೂರಗಳ ಲೆಕ್ಕ ಹೊಸದಲ್ಲ. ಆದರೆ 2021ರಲ್ಲಿ ಅಮೆರಿಕದ ಡಲ್ಲಾಸ್‌ನಿಂದ ಬಂದ ನನ್ನ ತಮ್ಮ, ಮುಖಕ್ಕೆ ಕಟ್ಟಿಕೊಂಡು ಆಡುವ ಕ್ವೆಸ್ಟ್ 2 ಎಂಬ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ಟನ್ನು ಕೈಗಿತ್ತಾಗ, ಇದು ನನ್ನಂಥವರಿಗಲ್ಲ ಎಂದೇ ಹೇಳಿದ್ದೆ. ಕಣ್ಣಿಗಾಗಿಯೇ ಮಾಡಿದ ಯಂತ್ರ, ಅದೂ ಕಣ್ಣಿನಿಂದ ಎರಡು ಬೆರಳು ದೂರದಲ್ಲಿ ಪರದೆ ಇರುವ ಯಂತ್ರ, ನನಗೆ ಏನು ತೋರಿಸೀತು ಎನಿಸಿತ್ತು.

ಮೊದಲ ಅರ್ಧ ಗಂಟೆ ನನ್ನ ಮಾತೇ ನಿಜವಾಗುವಂತಿತ್ತು. ಆರಂಭದ ಮೆನುವಿನ ಅಕ್ಷರಗಳು ಸಣ್ಣವಿದ್ದವು, ಆಟದ ಜಾಗದ ಎಲ್ಲೆ ಗುರುತಿಸಲು ಕ್ಯಾಮೆರಾ ತೋರಿಸುತ್ತಿದ್ದ ಕಪ್ಪುಬಿಳುಪಿನ ಕೋಣೆ ಬೂದಿ ಎರಚಿದಂತೆ ಕಾಣುತ್ತಿತ್ತು. ನನ್ನ ತಮ್ಮ, ಹೆಡ್‌ಸೆಟ್‌ನ ದೃಶ್ಯವನ್ನು ತನ್ನ ಫೋನಿಗೆ ಹರಿಸಿಕೊಂಡು, ನನಗೆ ಕಾಣುತ್ತಿದ್ದುದನ್ನೇ ತಾನೂ ನೋಡುತ್ತ, ಯಾವ ಗುಂಡಿ ಒತ್ತಬೇಕೆಂದು ಹೇಳುತ್ತ ಹೋದ. ಮಂದದೃಷ್ಟಿಯವರು ಯಾರೇ ಮೊದಲ ಬಾರಿ ಹೆಡ್‌ಸೆಟ್ ಸಜ್ಜು ಮಾಡುವುದಿದ್ದರೂ ಹೀಗೆ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು.

ಅವನು ಹಾಕಿಕೊಟ್ಟ ಮೊದಲ ಆಟ, 2016ರಲ್ಲಿ ಬಂದ ಜಾಬ್ ಸಿಮ್ಯುಲೇಟರ್. ಅದರಲ್ಲಿ ಒಂದು ಅಡುಗೆಮನೆಯಿದೆ. ಎದುರಿಗೆ ಹಳೆಯ ಟಿವಿಯಂಥ ಮುಖದ ರೋಬೋಟ್ ತೇಲುತ್ತ ಬಂದು ಕೆಲಸ ಹೇಳುತ್ತದೆ. ಕಟ್ಟೆಯ ಮೇಲೆ ಏನೇನೋ ಇತ್ತು, ಯಾವುದು ಏನೆಂದು ತಿಳಿಯಲಿಲ್ಲ. ಮನೆಯಲ್ಲಿ ಮಾಡುವಂತೆಯೇ, ಯೋಚಿಸದೆ, ಸೊಂಟ ಬಗ್ಗಿಸಿ ಮುಖವನ್ನು ಕಟ್ಟೆಯ ಬಳಿಗೆ ಒಯ್ದೆ. ವಸ್ತುಗಳು ದೊಡ್ಡದಾಗುತ್ತ ಬಂದವು. ಕೈ ಚಾಚಿ ಒಂದು ಡಬ್ಬಿಯನ್ನು ಎತ್ತಿ ಕಣ್ಣಿನ ಹತ್ತಿರ ತಂದು ತಿರುಗಿಸಿದೆ. ಅದರ ಚೀಟಿ ಓದಲು ಬಂತು. ಟಿವಿಯಲ್ಲಿ, ಸಿನಿಮಾದಲ್ಲಿ, ಕಂಪ್ಯೂಟರಿನಲ್ಲಿ ನಲವತ್ತು ವರ್ಷ ಪರದೆಗಳಿಗೆ ಮೂಗು ತಾಗಿಸಿ ಕೂತವನಿಗೆ, ಪರದೆಯೊಳಗಿನ ವಸ್ತುವೊಂದು ನಾನು ಹತ್ತಿರ ಹೋದಷ್ಟೂ ನಿಜವಾಗಿ ಹತ್ತಿರ ಬಂದದ್ದು ಅದೇ ಮೊದಲು.

ಹೀಗೆ ಆಗುವುದಕ್ಕೆ ಕಾರಣ ಸರಳ. ಪರದೆ ಕಣ್ಣಿನ ಬಳಿಯೇ ಇದ್ದರೂ ನಡುವಿನ ಮಸೂರವು ಬಿಂಬವನ್ನು ಒಂದು ಮೀಟರಿಗೂ ತುಸು ಆಚೆ, ಒಂದೇ ದೂರದಲ್ಲಿ ನಿಲ್ಲಿಸುತ್ತದೆ. ಆಟದೊಳಗಿನ ವಸ್ತು ಮೂಗಿನ ತುದಿಯಲ್ಲಿದ್ದರೂ ಬೆಟ್ಟದ ಮೇಲಿದ್ದರೂ ಕಣ್ಣು ಫೋಕಸ್ ಮಾಡುವುದು ಆ ಒಂದೇ ದೂರಕ್ಕೆ. ಪುಸ್ತಕವನ್ನು ಮುಖದ ಬಳಿ ಹಿಡಿದಾಗ ಕಣ್ಣಿಗೆ ಆಗುವ ಶ್ರಮ ಇಲ್ಲಿಲ್ಲ, ವಸ್ತು ಮಾತ್ರ ದೊಡ್ಡದಾಗುತ್ತದೆ. ಉಳಿದವರು ಕ್ವೆಸ್ಟ್ 2ರ ಚಿತ್ರದಲ್ಲಿ ಚುಕ್ಕಿಚುಕ್ಕಿ ಕಾಣುತ್ತದೆ ಎಂದು ದೂರುತ್ತಾರೆ. ನೋಟದ ಒಂದು ಡಿಗ್ರಿ ಕೋನಕ್ಕೆ ಸುಮಾರು 20 ಪಿಕ್ಸೆಲ್, ಎಂದರೆ ಚಿತ್ರದ ಚುಕ್ಕಿ, ತೋರಿಸುವ ಯಂತ್ರ ಅದು, 6/6 ದೃಷ್ಟಿ 60ರವರೆಗೆ ಗುರುತಿಸಬಲ್ಲದು, ಆದ್ದರಿಂದ ಅವರ ದೂರು ನಿಜ. ನನ್ನ ಕಣ್ಣು ಗುರುತಿಸುವುದು ಅದರ ಹತ್ತನೇ ಒಂದು ಭಾಗ, ಎಂದರೆ ಡಿಗ್ರಿಗೆ ಸುಮಾರು ಆರು. ನನ್ನ ಪಾಲಿಗೆ ಆ ಚಿತ್ರದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಆಳದ ವಿಷಯ ಇನ್ನೂ ಹೆಚ್ಚು ಹೇಳುವಂಥದ್ದು. ಆಲ್ಬಿನಿಸಂ ಇರುವವರಲ್ಲಿ ಕಣ್ಣಿನಿಂದ ಮೆದುಳಿಗೆ ಹೋಗುವ ನರತಂತುಗಳ ಹಂಚಿಕೆಯೇ ಬೇರೆ ರೀತಿ ಇರುವುದರಿಂದ, ಎರಡು ಕಣ್ಣುಗಳ ಚಿತ್ರಗಳನ್ನು ಬೆಸೆದು ಆಳ ಗ್ರಹಿಸುವ ಶಕ್ತಿ ಬಹಳ ಕಡಿಮೆ. ಥಿಯೇಟರಿನಲ್ಲಿ ತ್ರೀಡಿ ಕನ್ನಡಕ ಹಾಕಿಕೊಂಡು ಕೂತಾಗ ಪಕ್ಕದವರು ಬೆಚ್ಚಿ ಹಿಂದೆ ಸರಿಯುತ್ತಿದ್ದರೆ ನನಗೆ ಕಾಣುತ್ತಿದ್ದುದು ಎಂದಿನ ಚಪ್ಪಟೆ ಚಿತ್ರ. ಹೆಡ್‌ಸೆಟ್‌ನಲ್ಲೂ ಅದೇ ಗತಿ ಎಂದುಕೊಂಡಿದ್ದೆ. ಆದರೆ ನಾನು ದೂರವನ್ನು ಅಳೆಯುವುದು ಯಾವಾಗಲೂ ಕುತ್ತಿಗೆಯಿಂದ: ತಲೆಯನ್ನು ಸ್ವಲ್ಪ ಪಕ್ಕಕ್ಕೆ ಆಡಿಸಿದರೆ ಹತ್ತಿರದ ಕಂಬ ಬೇಗ ಸರಿಯುತ್ತದೆ, ದೂರದ ಮರ ನಿಧಾನವಾಗಿ ಸರಿಯುತ್ತದೆ. ಸಿನಿಮಾದಲ್ಲಿ ತಲೆ ಆಡಿಸಿದರೆ ಏನೂ ಆಗದು. ಹೆಡ್‌ಸೆಟ್ ತಲೆಯ ಪ್ರತಿ ಚಲನೆಯನ್ನೂ ಅಳೆದು ಚಿತ್ರವನ್ನು ಅದಕ್ಕೆ ತಕ್ಕಂತೆ ಬದಲಿಸುವುದರಿಂದ, ನಾನು ಚಿಕ್ಕಂದಿನಿಂದ ರೂಢಿಸಿಕೊಂಡ ಉಪಾಯ ಅಲ್ಲಿಯೂ ಕೆಲಸ ಮಾಡಿತು. ಆಟದೊಳಗಿನ ಮೇಜಿನ ಅಂಚು ಎಲ್ಲಿ ಮುಗಿಯುತ್ತದೆ ಎಂದು ನನಗೆ ಗೊತ್ತಾಯಿತು.

ಎದುರಾದ ಮೊದಲ ನಿಜವಾದ ತೊಡಕು ಮಸೂರದ್ದು. ನಿಸ್ಟಾಗ್ಮಸ್ ಇರುವ ಅನೇಕರಿಗೆ ಕಣ್ಣು ಅತ್ಯಂತ ಕಡಿಮೆ ಅದುರುವ ಒಂದು ಕೋನವಿರುತ್ತದೆ, ನಲ್ ಪಾಯಿಂಟ್ ಎನ್ನುತ್ತಾರೆ. ನನಗೆ ಅದು ಎಡಗಡೆ. ಮುಖವನ್ನು ಬಲಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡಿದಾಗ ಅತ್ಯಂತ ಚೆನ್ನಾಗಿ ಕಾಣುತ್ತದೆ. ಶಾಲೆಯಲ್ಲಿ ಮೇಷ್ಟರೊಬ್ಬರು ನನ್ನ ಗಲ್ಲ ಹಿಡಿದು ಮುಖ ನೇರ ಮಾಡಿ, "ಬೋರ್ಡ್ ಅಲ್ಲಿದೆ, ಅಲ್ಲಿ ನೋಡು" ಎನ್ನುತ್ತಿದ್ದರು. ಅವರು ಕೈ ಬಿಡುವವರೆಗೆ ನನಗೆ ಬೋರ್ಡ್ ಕಾಣುತ್ತಿರಲಿಲ್ಲ. ಹೆಡ್‌ಸೆಟ್ ಮುಖದ ಜೊತೆಗೇ ತಿರುಗುತ್ತದೆ. ನಾನು ಮುಖ ಬಲಕ್ಕೆ ತಿರುಗಿಸಿದರೆ ನೋಡಬೇಕಾದ ವಸ್ತು ಮಸೂರದ ಎಡ ಅಂಚಿಗೆ ಹೋಗುತ್ತದೆ, ಕ್ವೆಸ್ಟ್ 2ರಲ್ಲಿದ್ದ, ಉಂಗುರ ಉಂಗುರವಾಗಿ ಕೊರೆದ ಫ್ರೆನೆಲ್ ಮಸೂರಗಳು ಸ್ಪಷ್ಟವಾಗಿರುವುದು ನಡುವಿನಲ್ಲಿ ಮಾತ್ರ. ಕಣ್ಣು ನಿಂತಲ್ಲಿ ಮಸೂರ ಮಸುಕು, ಮಸೂರ ಸ್ಪಷ್ಟವಿದ್ದಲ್ಲಿ ಕಣ್ಣು ನಿಲ್ಲದು. ಪಟ್ಟಿಯನ್ನು ಓರೆಯಾಗಿ ಕಟ್ಟಿ ನೋಡಿದೆ. ಮೂಗಿನ ಪಕ್ಕದಿಂದ ಬೆಳಕು ನುಗ್ಗಿತೇ ಹೊರತು ಪ್ರಯೋಜನವಾಗಲಿಲ್ಲ. 2023ರ ಅಕ್ಟೋಬರಿನಲ್ಲಿ ಬಂದ ಕ್ವೆಸ್ಟ್ 3ರಲ್ಲಿ ಪ್ಯಾನ್‌ಕೇಕ್ ಎಂಬ ಬೇರೆ ಬಗೆಯ ಮಸೂರಗಳಿವೆ. ಅವುಗಳಲ್ಲಿ ಅಂಚಿನವರೆಗೂ ಚಿತ್ರ ಬಹುಮಟ್ಟಿಗೆ ಸ್ಪಷ್ಟ, ಕಣ್ಣುಗಳ ನಡುವಿನ ಅಂತರವನ್ನು ಕೂಡ ಒಂದು ಗಾಲಿ ತಿರುಗಿಸಿ ಸೂಕ್ಷ್ಮವಾಗಿ ಹೊಂದಿಸಿಕೊಳ್ಳಬಹುದು. ಮರುವರ್ಷ ತಮ್ಮನ ಕೈಲಿ ಅದನ್ನು ತರಿಸಿಕೊಂಡೆ. ನನ್ನಂತೆ ಓರೆಯಾಗಿ ನೋಡುವವರು ಬೇರೇನನ್ನೂ ವಿಚಾರಿಸುವ ಮೊದಲು ಮಸೂರ ಯಾವ ಬಗೆಯದು ಎಂದು ವಿಚಾರಿಸಬೇಕು.

ಕನ್ನಡಕದ ಬಗ್ಗೆಯೂ ಒಂದು ಮಾತು. ನನ್ನ ಎಂದಿನ ಕನ್ನಡಕಕ್ಕೆ ಕಂದು ಬಣ್ಣದ ಗಾಜಿದೆ, ಅದಿಲ್ಲದೆ ಹಗಲು ಹೊರಗೆ ಹೋಗಲಾರೆ. ಹೆಡ್‌ಸೆಟ್ ಒಳಗೆ ಹೊರಗಿನ ಬೆಳಕೇ ಇಲ್ಲ. ಪರದೆಯ ಹೊಳಪು ಸುಮಾರು 100 ನಿಟ್ (ಹೊಳಪಿನ ಅಳತೆ) ಅಷ್ಟೆ, ಅದನ್ನೂ ಇಳಿಸಬಹುದು. ಆದ್ದರಿಂದ ಅದೇ ನಂಬರಿನ, ಬಣ್ಣವಿಲ್ಲದ, ಚಿಕ್ಕ ಫ್ರೇಮಿನ ಇನ್ನೊಂದು ಕನ್ನಡಕ ಮಾಡಿಸಿಕೊಂಡೆ. ಗಾಜು ಮಸೂರಕ್ಕೆ ತಾಗಿ ಗೀರು ಬೀಳದಂತೆ ನಡುವೆ ಅಂತರ ಇಡುವುದನ್ನು ಮರೆಯಬಾರದು. ಆ ಕನ್ನಡಕ ಹಾಕಿಕೊಂಡು ಒಂದು ದ್ವೀಪದ ಆಟದಲ್ಲಿ ನಡುಹಗಲಿನ ಆಕಾಶವನ್ನು ತಲೆಯೆತ್ತಿ, ಕಣ್ಣು ಕಿರಿದು ಮಾಡದೆ, ಹಣೆಗೆ ಕೈ ಅಡ್ಡ ಹಿಡಿಯದೆ ನೋಡಿದೆ. ಎಷ್ಟು ಹೊತ್ತು ನಿಂತಿದ್ದೆನೋ, ಹೆಂಡತಿ ಬಂದು ಭುಜ ಮುಟ್ಟಿ "ಏನಾಯ್ತುರೀ?" ಎಂದು ಕೇಳಿದಳು.

ಆಟಗಳಲ್ಲಿ ನನಗೆ ಒಗ್ಗಿದ್ದು ಯಾವುದು, ಒಗ್ಗದ್ದು ಯಾವುದು ಎಂಬುದನ್ನು ಒಂದೇ ಪ್ರಶ್ನೆಯಿಂದ ತಿಳಿಯಬಹುದು: ನೋಡಬೇಕಾದದ್ದರ ಹತ್ತಿರ ನಾನು ಹೋಗಬಹುದೇ? ಗೋಡೆಯ ಮೇಲಿನ ಫಲಕ, ಮೇಜಿನ ಮೇಲಿನ ಕಾಗದ, ಮಣಿಕಟ್ಟಿಗೆ ಕಟ್ಟಿದ ಗಡಿಯಾರದಂಥ ಪರದೆ, ಇವೆಲ್ಲ ಓದಬಹುದಾದವು. ಆದರೆ ಅಂಕ, ಸೂಚನೆ, ಮಾತಿನ ಬರಹ ಮುಂತಾದವನ್ನು ಕೆಲವು ಆಟಗಳಲ್ಲಿ ಆಟಗಾರನ ತಲೆಗೇ ಕಟ್ಟಿಬಿಟ್ಟಿರುತ್ತಾರೆ. ನಾನು ಮುಂದಕ್ಕೆ ಬಾಗಿದರೆ ಅವು ಅಷ್ಟೇ ಹಿಂದಕ್ಕೆ ಸರಿಯುತ್ತವೆ. ತನ್ನ ನೆರಳನ್ನು ತಾನೇ ದಾಟಲು ಹೊರಟಂತೆ. ಹೊರಗಿನ ಲೋಕದಲ್ಲಿ ಇಷ್ಟು ಕಠಿಣವಾದ ಅಕ್ಷರವನ್ನು ನಾನು ಕಂಡಿಲ್ಲ, ಏಕೆಂದರೆ ಅಲ್ಲಿ ಎಂಥ ಅಕ್ಷರದ ಬಳಿಗಾದರೂ ನಡೆದು ಹೋಗಬಹುದು. ಆಟ ಕಟ್ಟುವವರು ಮಂದದೃಷ್ಟಿಯವರಿಗಾಗಿ ಒಂದೇ ಒಂದು ಕೆಲಸ ಮಾಡುವುದಿದ್ದರೆ, ಆ ಬರಹವನ್ನು ತಲೆಯಿಂದ ಬಿಡಿಸಿ ಕೈಗೆ ಕಟ್ಟಲಿ ಎಂದು ಬೇಡುತ್ತೇನೆ.

ಇದಕ್ಕೆ ದಾರಿಗಳಿಲ್ಲ ಎಂದಲ್ಲ. 2019ರಲ್ಲೇ ಮೈಕ್ರೋಸಾಫ್ಟ್ ಸಂಶೋಧಕರು ಸೇರಿ ರೂಪಿಸಿದ ಸೀಯಿಂಗ್‌ವಿಆರ್ ಎಂಬ ಕೆಲಸದಲ್ಲಿ ಭೂತಗನ್ನಡಿ, ಅಂಚುಗಳನ್ನು ಎದ್ದುಕಾಣಿಸುವುದು, ಬಣ್ಣ ಬದಲಿಸುವುದು, ಬರಹ ಓದಿ ಹೇಳುವುದು ಮೊದಲಾದ 14 ಸಾಧನಗಳಿದ್ದವು, ಅವುಗಳಲ್ಲಿ 9ನ್ನು ಆಟದ ಮೂಲ ಕೋಡ್ ಮುಟ್ಟದೆಯೇ ಸೇರಿಸಬಹುದಿತ್ತು. ಕಾಸ್ಮೋನಿಯಸ್ ಹೈ ಎಂಬ ಆಟಕ್ಕೆ 2023ರಲ್ಲಿ, ಕೈ ತೋರಿಸಿದ ವಸ್ತುವಿನ ಹೆಸರನ್ನು ಧ್ವನಿಯಲ್ಲಿ ಹೇಳುವ ಸೌಲಭ್ಯ ಸೇರಿಸಿದರು. ಅಂಥದ್ದನ್ನು ಬಳಸಿದ ಮೇಲೆ ಉಳಿದ ಆಟಗಳ ಮೌನ ಬಹಳ ಕಾಡುತ್ತದೆ.

ಬೀಟ್ ಸೇಬರ್ ನನಗೆ ಕೈಗೆಟುಕಲು ಮೂರು ವಾರ ಬೇಕಾಯಿತು. ಸಂಗೀತದ ಲಯಕ್ಕೆ ಎದುರಿನಿಂದ ಹಾರಿ ಬರುವ ಘನಗಳನ್ನು ಎರಡು ಕೈಯ ಕತ್ತಿಗಳಿಂದ ಕಡಿಯುವ ಆಟ ಅದು. ಯಾವ ದಿಕ್ಕಿಗೆ ಕಡಿಯಬೇಕೆಂದು ಪ್ರತಿ ಘನದ ಮೇಲೊಂದು ಬಾಣದ ಗುರುತು ಇರುತ್ತದೆ. ಆ ಗುರುತು ನನಗೆ ಕಾಣುವ ಹೊತ್ತಿಗೆ ಘನ ಎದೆಗೆ ಬಂದಿರುತ್ತಿತ್ತು. ಬಾಣಗಳಿಲ್ಲದ ಆಯ್ಕೆಯೊಂದು ಆಟದಲ್ಲೇ ಇದೆ, ಹಾಡನ್ನು ನಿಧಾನಗೊಳಿಸುವ ಆಯ್ಕೆಯೂ, ತಪ್ಪಿದರೂ ಆಟ ನಿಲ್ಲದ ಆಯ್ಕೆಯೂ ಇವೆ, ಮೂರನ್ನೂ ಹಾಕಿಕೊಂಡೆ. ಕತ್ತಲ ಹಿನ್ನೆಲೆಯಲ್ಲಿ ಮುಳುಗಿಹೋಗುತ್ತಿದ್ದ ಕೆಂಪು, ನೀಲಿ ಬಣ್ಣಗಳನ್ನು ಹಳದಿ, ತಿಳಿಹಸಿರಿಗೆ ಬದಲಿಸಿದೆ. ಮಿನುಗುವ ದೀಪಗಳನ್ನು ನಿಲ್ಲಿಸಿದೆ. ಆಮೇಲೆ ಉಳಿದದ್ದು ತಾಳ, ಅದಕ್ಕೆ ಕಣ್ಣು ಬೇಕಿಲ್ಲ. ಘನ ಸರಿಯಾಗಿ ಕಡಿದಾಗ, ಆಟ ನಡೆಸಲು ಕೈಯಲ್ಲಿ ಹಿಡಿದ ಕಂಟ್ರೋಲರ್ ಅಂಗೈಯಲ್ಲಿ ನಡುಗುತ್ತದೆ, ಆ ನಡುಕವೇ ನನಗೆ ಅಂಕ. ಒಂದೊಂದಾಗಿ ಆ ಸಹಾಯಗಳನ್ನು ತೆಗೆಯುತ್ತ ಬಂದಿದ್ದೇನೆ. ಬಾಣ ಮಾತ್ರ ಇಂದಿಗೂ ಬೇಡ.

ಕೋಣೆಯ ಸುರಕ್ಷತೆಯ ಬಗ್ಗೆ ಪೆಟ್ಟು ತಿಂದು ಕಲಿತೆ. ಎಲ್ಲೆ ಮೀರುವಾಗ ಹೆಡ್‌ಸೆಟ್ ತೋರಿಸುವ ಗೆರೆಗಳು ತೆಳುವಾದವು, ನನಗೆ ಅವು ಕಾಣುವಷ್ಟರಲ್ಲಿ ಕೈ ಬೀರುವಿಗೆ ಬಡಿದು ಗೆಣ್ಣು ಸುಲಿದಿತ್ತು. ಈಗ ಕೋಣೆಯ ನಡುವೆ ತೆಂಗಿನ ನಾರಿನ ಕಾಲೊರಸು ಹಾಸಿ ಬರಿಗಾಲಲ್ಲಿ ಅದರ ಮೇಲೆ ನಿಲ್ಲುತ್ತೇನೆ. ಪಾದಕ್ಕೆ ನಾರು ತಾಗುತ್ತಿರುವವರೆಗೆ ನಾನು ಎಲ್ಲಿದ್ದೇನೆಂದು ಗೊತ್ತಿರುತ್ತದೆ. ಮೇಲಿನ ಫ್ಯಾನನ್ನು ಮೊದಲೇ ಆರಿಸುತ್ತೇನೆ. ಸಮಯವೂ ಅಷ್ಟೇ ಮುಖ್ಯ: 20 ನಿಮಿಷ ದಾಟಿದರೆ ದಣಿವಿನಿಂದ ಕಣ್ಣಿನ ಅದುರಾಟ ಹೆಚ್ಚಿ, ಕಾಣುತ್ತಿದ್ದುದೂ ಕಾಣದಾಗುತ್ತದೆ. ಕಂಟ್ರೋಲರಿನ ಕಡ್ಡಿ ಒತ್ತಿ ಜಾರಿದಂತೆ ಮುಂದೆ ಸಾಗುವ ಆಟಗಳು ಐದು ನಿಮಿಷಕ್ಕೇ ಹೊಟ್ಟೆ ತೊಳಸುತ್ತವೆ, ಗುರಿ ತೋರಿಸಿ ನೆಗೆಯುವ ಬಗೆಯವು ತೊಂದರೆ ಕೊಡುವುದಿಲ್ಲ. ಇದರಿಂದ ನನ್ನ ದೃಷ್ಟಿ ಸುಧಾರಿಸಿಲ್ಲ, ಸುಧಾರಿಸುತ್ತದೆಂದು ಆಡುತ್ತಲೂ ಇಲ್ಲ.

ಕಣ್ಣಿನ ನೋಟದಿಂದಲೇ ನಡೆಸುವ ಹೊಸ ಹೆಡ್‌ಸೆಟ್ಟುಗಳ ಬಗ್ಗೆ ಆತಂಕವಿದೆ. ಬೆಂಗಳೂರಿನ ಮಳಿಗೆಯೊಂದರಲ್ಲಿ ಅಂಥದ್ದನ್ನು ಹಾಕಿಕೊಂಡಾಗ, ಚುಕ್ಕಿಯ ಮೇಲೆ ದೃಷ್ಟಿ ನಿಲ್ಲಿಸಿ ಎಂದು ಅದು ಮೂರು ಬಾರಿ ಕೇಳಿ ಮೂರು ಬಾರಿಯೂ ಒಪ್ಪಲಿಲ್ಲ. ನಿಲ್ಲದ ಕಣ್ಣನ್ನು ನಿಲ್ಲಿಸು ಎಂದರೆ ಹೇಗೆ? ಆಪಲ್ ವಿಷನ್ ಪ್ರೋದಲ್ಲಿ ಕಣ್ಣಿನ ಬದಲು ತಲೆ, ಮಣಿಕಟ್ಟು ಅಥವಾ ತೋರುಬೆರಳಿನಿಂದ ಗುರಿ ತೋರಿಸುವ ಆಯ್ಕೆ ಇಟ್ಟಿದ್ದಾರೆ. ಅದು ಎಲ್ಲ ಯಂತ್ರಗಳಲ್ಲೂ, ಕಣ್ಣಿನ ಪರೀಕ್ಷೆಗೂ ಮೊದಲೇ ಸಿಗುವಂತೆ ಇರಬೇಕು.

ನಾನು ಹೆಚ್ಚು ಆಡುವುದು ವಾಕಬೌಟ್ ಮಿನಿ ಗಾಲ್ಫ್, ದೂರದೂರದಲ್ಲಿರುವವರೂ ಒಂದೇ ಅಂಗಳದಲ್ಲಿ ಸೇರಿ ಚೆಂಡನ್ನು ಗುಳಿಗೆ ಹೊಡೆಯುವ ಆಟ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ನಾನು ಕಾಲೊರಸಿನ ಮೇಲೆ ನಿಲ್ಲುವ ಹೊತ್ತಿಗೆ ಡಲ್ಲಾಸ್‌ನಲ್ಲಿ ಶನಿವಾರ ರಾತ್ರಿ. ಅಲ್ಲಿಂದ ತಮ್ಮನೂ ಆಟದೊಳಗಿನ ಅದೇ ಅಂಗಳಕ್ಕೆ ಬಂದಿರುತ್ತಾನೆ. ಚಿಕ್ಕವರಿದ್ದಾಗ ಬಸ್ಸಿನ ಬೋರ್ಡು ಓದಿ ನನ್ನ ಕೈ ಹಿಡಿದು ಹತ್ತಿಸುತ್ತಿದ್ದವನು, ಕ್ರಿಕೆಟ್ಟಿಗೆ ಮಾತ್ರ ನನ್ನನ್ನು ಕರೆಯಲಾಗದೆ ಒಬ್ಬನೇ ಹೋಗುತ್ತಿದ್ದವನು. ಇಲ್ಲಿ ಚೆಂಡು ನಾನು ಹೊಡೆಯುವವರೆಗೂ ಕದಲುವುದಿಲ್ಲ. ನಾನು ಗುಳಿಯವರೆಗೆ ನಡೆದು ಹೋಗಿ, ಮಂಡಿಯೂರಿ, ನೆಲದ ಇಳಿಜಾರನ್ನು ತಲೆ ಆಡಿಸಿ ಅಳೆದು, ಹಿಂದೆ ಬಂದು ಹೊಡೆಯುತ್ತೇನೆ, ಅವನು ಕಾಯುತ್ತಾನೆ. ಪ್ರತಿ ಅಂಗಳದಲ್ಲೂ ಗುಳಿಗೊಂದರಂತೆ 18 ಚೆಂಡುಗಳನ್ನು ಬಚ್ಚಿಟ್ಟಿರುತ್ತಾರೆ, ಹುಡುಕಿದವರಿಗೆ ಅವು ಸೇರುತ್ತವೆ. ಕಳೆದ ವಾರ ಒಂದು ಮರದ ಸೇತುವೆಯ ಕೆಳಗೆ ತಲೆ ತೂರಿಸಿ ಹಲಗೆಗಳನ್ನು ಒಂದೊಂದಾಗಿ ನೋಡುತ್ತಿದ್ದಾಗ ಮೂರನೆಯ ಹಲಗೆಯ ಸಂದಿಯಲ್ಲಿ ಒಂದು ಸಿಕ್ಕಿತು.

"ಅಣ್ಣಾ, ನಾನು ಇಲ್ಲಿ ಎರಡು ಸಲ ನೋಡಿ ಹೋಗಿದ್ದೆ" ಎಂದ ತಮ್ಮ.

ಆ ಅಂಗಳದಲ್ಲಿ ಇನ್ನು ನಾಲ್ಕು ಉಳಿದಿವೆ.