ಲೇಸರ್ ಕರಗಿಸಿದ ಉಕ್ಕಿನ ತಾಪಮಾನ: ಪೈರೋಮೀಟರ್ ಅಂಕಿಯನ್ನು ನಾನು ಪರೀಕ್ಷಿಸಿಕೊಳ್ಳುವ ಬಗೆ

ತೋರಣಗಲ್ಲಿನ ಉಕ್ಕು ಉದ್ಯಮದ ಸುತ್ತಮುತ್ತ ಸವೆದ ಶಾಫ್ಟು, ರೋಲರುಗಳಿಗೆ ಬರವಿಲ್ಲ. ಬಳ್ಳಾರಿಯ ನಮ್ಮ ವರ್ಕ್‌ಶಾಪಿನಲ್ಲಿ ಅಂಥ ಭಾಗಗಳ ಮೇಲೆ 316ಎಲ್ ಸ್ಟೇನ್‌ಲೆಸ್ ಉಕ್ಕಿನ ಪುಡಿಯನ್ನು ಫೈಬರ್ ಲೇಸರ್‌ನಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸಿ, ಕಳೆದುಹೋದ ಲೋಹವನ್ನು ಮತ್ತೆ ಬೆಳೆಸುತ್ತೇವೆ. ಕಾವು ಸಾಲದಿದ್ದರೆ ಪದರ ತಳಕ್ಕೆ ಬೆಸೆಯುವುದಿಲ್ಲ. ಹೆಚ್ಚಾದರೆ ತಳದ ಲೋಹವೂ ಅತಿಯಾಗಿ ಕರಗಿ, ಪದರದೊಳಗೆ ಬೆರೆತು, ಅದರ ಗುಣವನ್ನು ಕೆಡಿಸುತ್ತದೆ. ಹಾಗಾಗಿ ಪೈರೋಮೀಟರ್, ಅಂದರೆ ಮುಟ್ಟದೆಯೇ ಬೆಳಕಿನಿಂದ ಕಾವನ್ನು ಅಳೆಯುವ ಉಪಕರಣ, ಪರದೆಯ ಮೇಲೆ ತೋರಿಸುವ ಅಂಕಿ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಖಚಿತಪಡಿಸಿಕೊಳ್ಳದೆ ನಾನು ಕೆಲಸ ಆರಂಭಿಸುವುದಿಲ್ಲ.

ಮೇಲ್ಮೈಯಿಂದ ಹೊಮ್ಮುವ ಬೆಳಕನ್ನು ಪೈರೋಮೀಟರ್ ಗ್ರಹಿಸುತ್ತದೆ; ಅದನ್ನು ತಾಪಮಾನವಾಗಿ ಪರಿವರ್ತಿಸಲು ಬೇಕಾದ ಎಮಿಸಿವಿಟಿಯನ್ನು (ಅದೇ ಕಾವಿನ ಆದರ್ಶ ಕಪ್ಪು ಮೇಲ್ಮೈಗೆ ಹೋಲಿಸಿದರೆ ಈ ಮೇಲ್ಮೈ ಎಷ್ಟು ಪಾಲು ಬೆಳಕು ಹೊಮ್ಮಿಸುತ್ತದೆ ಎಂಬ ಅಂಕಿಯನ್ನು) ನಾವೇ ಕೊಡಬೇಕು. ಕರಗಿದ ಶುದ್ಧ ಲೋಹದ ಎಮಿಸಿವಿಟಿ ಕಡಿಮೆ, ಆಕ್ಸೈಡ್ ಪೊರೆಯದು ಹೆಚ್ಚು. ಗಾಳಿ ತಾಗದಂತೆ ಹಾಯಿಸುವ ಆರ್ಗಾನ್ ಅನಿಲದ ಹರಿವು ಸ್ವಲ್ಪ ಅಲುಗಾಡಿದರೂ ಕರಗಿದ ಲೋಹದ ಮೇಲೆ ಆಕ್ಸೈಡಿನ ಸಣ್ಣ ಚಕ್ಕೆ ತೇಲಿಬರುತ್ತದೆ, ಅದು ಪೈರೋಮೀಟರಿನ ಕಣ್ಣಿಗೆ ಬಿದ್ದೊಡನೆ ಅಂಕಿ ಜಿಗಿಯುತ್ತದೆ. "ಸರ್, ಕಾವು ಒಮ್ಮೆಲೇ ಏರೈತಿ ನೋಡ್ರಿ" ಎಂದು ಆಪರೇಟರ್ ಹೇಳಿದಾಗ ನಾನು ಮೊದಲು ನೋಡುವುದು ಆ ಚಕ್ಕೆಯನ್ನು. ಲೇಸರ್ ಪವರ್ ತಗ್ಗಿಸುವ ಮಾತು ಆಮೇಲಿನದು.

ತರಂಗಾಂತರದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಮಟ್ಟದಲ್ಲಿ ಎಮಿಸಿವಿಟಿಯನ್ನು ಶೇ. 10ರಷ್ಟು ತಪ್ಪಾಗಿ ಕೊಟ್ಟರೆ, 1.5 ಮೈಕ್ರಾನ್‌ನಲ್ಲಿ ನೋಡುವ ಪೈರೋಮೀಟರ್ 35 ಡಿಗ್ರಿಯ ಆಸುಪಾಸು ತಪ್ಪುತ್ತದೆ. 10 ಮೈಕ್ರಾನ್ ಸುತ್ತ ನೋಡುವ ಸಾಮಾನ್ಯ ಥರ್ಮಲ್ ಕ್ಯಾಮೆರಾ ನೂರು ಡಿಗ್ರಿಗೂ ಮೀರಿ ತಪ್ಪುತ್ತದೆ. ಲೇಸರ್‌ನ ಬೆಳಕು 1.07 ಮೈಕ್ರಾನ್‌ನದ್ದಾದ್ದರಿಂದ, ಅದರ ಪ್ರತಿಫಲನವನ್ನು ತಡೆಯುವ ಫಿಲ್ಟರ್ ಇಲ್ಲದೆ ಅಳೆಯುವುದರಲ್ಲಿ ಅರ್ಥವಿಲ್ಲ.

ಎರಡು ತರಂಗಾಂತರಗಳ ಅನುಪಾತವನ್ನು ನೋಡುವ ಪೈರೋಮೀಟರ್ ಕೊಂಡರೆ ಎಮಿಸಿವಿಟಿಯ ತೊಂದರೆಯೇ ಇರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1.5 ಮತ್ತು 1.7 ಮೈಕ್ರಾನ್‌ಗಳಲ್ಲಿ ಲೋಹದ ಎಮಿಸಿವಿಟಿ ಬರೀ ಶೇ. 1ರಷ್ಟು ಬೇರೆಯಾದರೂ ಉತ್ತರ ಸುಮಾರು 30 ಡಿಗ್ರಿ ಪಲ್ಲಟವಾಗುತ್ತದೆ. ಅದರ ನಿಜವಾದ ಉಪಯೋಗ ಬೇರೆ: ನಮ್ಮೂರಿನ ಅದಿರಿನ ಕೆಂಪು ಧೂಳು ಪೈರೋಮೀಟರಿನ ಮುಂದಿನ ಗಾಜಿನ ಮೇಲೆ ಕುಳಿತು ಎರಡೂ ಬೆಳಕನ್ನು ಸಮನಾಗಿ ತಗ್ಗಿಸಿದಾಗ ಅನುಪಾತ ಬದಲಾಗುವುದಿಲ್ಲ. ಆದರೂ ಗಾಜನ್ನು ಒರೆಸುವುದನ್ನು ನಾನು ಬಿಟ್ಟಿಲ್ಲ.

ನಾನು ಹೆಚ್ಚು ನೆಚ್ಚಿಕೊಂಡಿರುವುದು ಲೋಹ ಹೆಪ್ಪುಗಟ್ಟುವ ಕ್ಷಣವನ್ನು. ಆರ್ಗಾನ್‌ನಡಿ ಶುದ್ಧ ನಿಕ್ಕಲ್ ತುಂಡೊಂದನ್ನು ಅದೇ ಲೇಸರ್‌ನಿಂದ, ಪೈರೋಮೀಟರಿನ ಗುರಿಚುಕ್ಕೆಗಿಂತ ಅಗಲವಾಗಿ ಕರಗಿಸಿ, ಲೇಸರ್ ಆರಿಸಿ, ತಣಿಯುವ ರೇಖೆಯನ್ನು ದಾಖಲಿಸುತ್ತೇನೆ. ಇಳಿಯುತ್ತಿರುವ ರೇಖೆ ಒಂದೆಡೆ ಅರೆಕ್ಷಣ ಸಮತಟ್ಟಾಗುತ್ತದೆ. ನಿಕ್ಕಲ್ 1,455 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದರಿಂದ ಆ ಸಮತಟ್ಟು ಭಾಗ ಅಲ್ಲಿಯೇ ಇರಬೇಕು. ಕೆಲವೊಮ್ಮೆ ರೇಖೆ ಅದಕ್ಕಿಂತ ಕೆಳಗಿಳಿದು ಥಟ್ಟನೆ ಮೇಲೇಳುತ್ತದೆ, ಆಗ ಮೇಲೆದ್ದು ನಿಂತ ಮಟ್ಟವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಕಾಣಲು ಉಪಕರಣ ಮಿಲಿಸೆಕೆಂಡ್ ಲೆಕ್ಕದಲ್ಲಿ ಸ್ಪಂದಿಸುವಂಥದ್ದಾಗಿರಬೇಕು. ಆದರೆ ನಿಕ್ಕಲ್‌ನ ಎಮಿಸಿವಿಟಿ ಉಕ್ಕಿಗೆ ಹೊಂದುವುದಿಲ್ಲವಾದ್ದರಿಂದ, ಅದೇ ಪರೀಕ್ಷೆಯನ್ನು 316ಎಲ್ ಮೇಲೂ ಮಾಡಿ, ಆ ಉಕ್ಕು ಹೆಪ್ಪುಗಟ್ಟುವ 1,400ರಿಂದ 1,375 ಡಿಗ್ರಿಯ ನಡುವೆ ರೇಖೆಯ ಇಳಿತ ನಿಧಾನವಾಗುವ ಜಾಗಕ್ಕೆ ಎಮಿಸಿವಿಟಿಯನ್ನು ಹೊಂದಿಸುತ್ತೇನೆ.

ಗಟ್ಟಿ ಲೋಹದ ಭಾಗಕ್ಕೆ ಕೆ ಮಾದರಿಯ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿಗಳಿಂದ ಕಾವು ಅಳೆಯುವ ಸಾಧನ) ಸಾಕು. ಅದರ ಎರಡು ತೆಳು ತಂತಿಗಳನ್ನು ಗಂಟು ಮಾಡದೆ, ಒಂದರ ಪಕ್ಕ ಒಂದನ್ನು ಬಿಡಿಬಿಡಿಯಾಗಿ ಮೇಲ್ಮೈಗೇ ಸ್ಪಾಟ್ ವೆಲ್ಡ್ ಮಾಡುತ್ತೇನೆ. ಗಂಟು ಮೇಲ್ಮೈಯಿಂದ ಎದ್ದು ನಿಂತರೆ ಅಂಕಿ ಕಡಿಮೆ ಬರುತ್ತದೆ. ಪ್ರತಿ ಕೆಲಸದ ದಾಖಲೆಯಲ್ಲಿ ತಾಪಮಾನದ ಜೊತೆಗೆ ಎಮಿಸಿವಿಟಿ, ಪೈರೋಮೀಟರ್ ಇಟ್ಟ ಕೋನ ಮತ್ತು ಗಾಜು ಒರೆಸಿದ ವೇಳೆಯನ್ನು ಬರೆಸುತ್ತೇನೆ. ಪುಡಿ ಬದಲಾದರೆ ಅಥವಾ ಕೋನ ಸರಿದರೆ ಹೆಪ್ಪುಗಟ್ಟುವ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು.